ಮಾತು ಕೇಳಿಸಲಿ ಸ್ವಾಮಿ

ಕೇಳುಗರಿಗೆ ನಮಸ್ಕಾರ. ಈಚಿನ ಸಿನಿಮಾಗಳಲ್ಲಿ ಯಾವುದು ಚೆನ್ನ, ಯಾವುದು ಅಲ್ಲ, ಐದು ನಿಮಿಷದಲ್ಲಿ ಹೇಳಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ನಾನು ವಿಮರ್ಶಕ ಅಲ್ಲ. ಗಾಂಧಿನಗರದ ಸುತ್ತಮುತ್ತ ಇಪ್ಪತ್ತೆಂಟು ವರ್ಷ ಡಬ್ಬಿಂಗ್ ಸ್ಟುಡಿಯೋಗಳಲ್ಲಿ ಸೌಂಡ್ ಕೆಲಸ ಮಾಡಿದವನು. ಹಾಗಾಗಿ ನನ್ನದು ಒಂದೇ ಅಳತೆ. ಪಾತ್ರ ಆಡಿದ ಮಾತು ಹಿಂದಿನ ಸಾಲಿನವರಿಗೂ ಕೇಳಿಸಿತಾ? ಕೇಳಿಸಿದರೆ ಒಳ್ಳೆ ಸಿನಿಮಾ. ಇಲ್ಲದಿದ್ದರೆ ಇಲ್ಲ. ಅಷ್ಟೇ.

ನಮ್ಮತ್ತೆಯವರ ಕಥೆ ಹೇಳ್ತೀನಿ. ಎಪ್ಪತ್ತೆಂಟು ವರ್ಷ, ಮಂಡ್ಯ ಕಡೆಯವರು, ಕಿವಿಗೆ ಮಿಷನ್ ಹಾಕಿಕೊಳ್ತಾರೆ. ಸಿನಿಮಾ ಅಂದರೆ ಪ್ರಾಣ. ಒಂದು ಭಾನುವಾರ ದೊಡ್ಡ ಹೀರೋ ಚಿತ್ರಕ್ಕೆ ಕರೆದುಕೊಂಡು ಹೋದೆ. ಹೆಸರು ಬೇಡ ಬಿಡಿ. ಹೀರೋ ಬಾಗಿಲು ತೆರೆದರೆ ಡಂ. ಕಾರಿಂದ ಇಳಿದರೆ ಡಂ ಡಂ. ಕಾಫಿ ಲೋಟ ಕೆಳಗಿಟ್ಟಿದ್ದಕ್ಕೂ ಒಂದು ಡಂ! ಕಾಲು ಗಂಟೆ ಆಗಿರಬೇಕು. ಅತ್ತೆ ಮೆಲ್ಲಗೆ ಮಿಷನ್ ಬಿಚ್ಚಿದರು. ಕರ್ಚೀಫಿನಲ್ಲಿ ಸುತ್ತಿದರು. ಎಲೆ ಅಡಿಕೆ ಸಂಚಿಯೊಳಗೆ ಇಟ್ಟು ದಾರ ಎಳೆದರು. ಸಿನಿಮಾದ ಸದ್ದು ತಡೆಯಲಾರದೆ ಕಿವಿ ಕೇಳದವರು ಕೇಳುವ ಮಿಷನ್ನನ್ನೇ ತೆಗೆದಿಟ್ಟರಲ್ಲಾ! ನನಗೆ ನಗಬೇಕೋ ನಾಚಬೇಕೋ ತಿಳೀಲಿಲ್ಲ. ಅದು ನನ್ನ ಕಸುಬಿನವರು ಮಾಡಿದ ಕೆಲಸ.

ಇಂಟರ್ವಲ್‌ನಲ್ಲಿ ಕೇಳಿದರು: "ಅಳಿಯಂದ್ರೇ, ಆ ಹುಡುಗಿ ಯಾಕಳ್ತಿದ್ಲು?" ನನಗೂ ಗೊತ್ತಿರಲಿಲ್ಲ. ಅವಳು ಅತ್ತುಕೊಂಡು ಏನೋ ಹೇಳಿದ್ದಳು, ಮೇಲೆ ಮೂವತ್ತು ಪಿಟೀಲು ಕುಯ್ಯುತ್ತಿದ್ದವು.

ಇದು ಯಾಕೆ ಹೀಗಾಗುತ್ತೆ ಹೇಳ್ತೀನಿ. ಥಿಯೇಟರ್ ಪರದೆಯ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ಅದರ ಹಿಂದೆ ಮಧ್ಯದಲ್ಲೊಂದು ಸ್ಪೀಕರ್. ಮಾತು ಬರೋದು ಹೆಚ್ಚಾಗಿ ಅಲ್ಲಿಂದಲೇ. ಆಪರೇಟರ್ ಹತ್ತಿರ ಇರುವ ಸೌಂಡ್ ಪ್ರೊಸೆಸರ್‌ನಲ್ಲಿ ವಾಲ್ಯೂಮಿಗೆ 7 ಅಂತ ಒಂದು ಗುರುತು. ಸ್ಟುಡಿಯೋದಲ್ಲಿ ನಾವು ಮಿಕ್ಸಿಂಗ್, ಅಂದರೆ ಮಾತು, ಸಂಗೀತ, ಸದ್ದು ಹದವಾಗಿ ಸೇರಿಸೋದು, ಮಾಡೋದು ಆ 7ರ ಲೆಕ್ಕದಲ್ಲಿ. ಈಗ ನಿರ್ದೇಶಕರು ಹಿಂದೆ ನಿಂತು "ಇನ್ನೂ ಎತ್ತಿ ಸಾರ್, ಇನ್ನೂ ಎತ್ತಿ" ಅಂತಾರೆ. ಎತ್ತುತ್ತೇವೆ. ಜನ ಬೈತಾರೆ, ಆಪರೇಟರ್ 5ಕ್ಕೆ ಇಳಿಸುತ್ತಾನೆ. ಆಗ ಡಂ ಮಾತ್ರ ಇಳಿಯುತ್ತಾ? ಮಾತೂ ಇಳಿಯುತ್ತೆ. ಗುಸುಗುಸು ಅಂದದ್ದಂತೂ ಪರದೆ ಹಿಂದೆಯೇ ಉಳಿಯುತ್ತೆ. 2024ರ ನವೆಂಬರ್‌ನಲ್ಲಿ ತಮಿಳಿನ 'ಕಂಗುವ' ಬಂದಾಗ ಜನ ಕಿವಿ ಹಿಡಿದುಕೊಂಡರು. ಕೊನೆಗೆ ನಿರ್ಮಾಪಕರೇ ಥಿಯೇಟರ್‌ಗಳಿಗೆ ವಾಲ್ಯೂಮ್ ಎರಡು ಪಾಯಿಂಟ್ ಇಳಿಸಿ ಎಂದು ಹೇಳಬೇಕಾಯಿತು. ಅಡುಗೆಗೆ ಉಪ್ಪು ಸುರಿದು, ಬಡಿಸುವವನಿಗೆ ನೀರು ಬೆರೆಸು ಅಂದ ಹಾಗೆ.

ಈಗ ಒಳ್ಳೆಯದು. 2025ರ ಜುಲೈನಲ್ಲಿ 'ಸು ಫ್ರಮ್ ಸೋ' ಬಂತು. ಜೆ.ಪಿ. ತುಮಿನಾಡು ಅವರದ್ದು. ದೊಡ್ಡ ಹೀರೋ ಇಲ್ಲ, ಕರಾವಳಿಯ ಒಂದು ಊರು, ಸೋಮೇಶ್ವರದ ಸುಲೋಚನಾ ಎಂಬ ದೆವ್ವದ ಹೆಸರಲ್ಲಿ ಊರೆಲ್ಲ ಗಲಿಬಿಲಿ. ಅತ್ತೆಯವರನ್ನು ಮತ್ತೆ ಕರೆದುಕೊಂಡು ಹೋದೆ. ಸಂಚಿ ಕಡೆ ಒಂದು ಕಣ್ಣಿಟ್ಟಿದ್ದೆ. ಬಿಚ್ಚಲಿಲ್ಲ ಕಣ್ರೀ. "ಇದ್ಯಾವ ಕನ್ನಡ?" ಅಂತ ಒಂದ್ಸಲ ಕೇಳಿದ್ದು ನಿಜ. ಆಮೇಲೆ ರವಿಯಣ್ಣ ಅನ್ನೋ ಪಾತ್ರ ಬಾಯಿ ತೆರೆಯುವ ಮೊದಲೇ ನಗೋಕೆ ಶುರು. ಮಂಡ್ಯದವರಿಗೆ ಮಂಗಳೂರು ಕನ್ನಡ ಅರ್ಥವಾಯಿತು, ಯಾಕೆ? ಕೇಳಿಸಿತು, ಅದಕ್ಕೆ. ನಗುವಿನ ಮಾತಿನ ನಂತರ ಒಂದು ಕ್ಷಣ ಸುಮ್ಮನಿರಬೇಕು. ಆ ಜಾಗದಲ್ಲಿ ಜನ ನಗುತ್ತಾರೆ. ಅಲ್ಲೂ ತಮಟೆ ಬಾರಿಸಿದರೆ ನಗೋದು ಎಲ್ಲಿ ಸ್ವಾಮಿ?

ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' 2023ರಲ್ಲಿ ಎರಡು ಭಾಗವಾಗಿ ಬಂತು. ಸೈಡ್ ಎ, ಸೈಡ್ ಬಿ ಅಂತ ಕ್ಯಾಸೆಟ್ಟಿನ ಹೆಸರು. ಎರಡನೇದು ಸ್ವಲ್ಪ ಎಳೆದಾಟ ಅನ್ನಿಸಿತು. ಆದರೆ ಅಲ್ಲಿ ದನಿಗೆ ಬೆಲೆ ಇದೆ. ಹೀಗಾಗಿ ಎಳೆದಾಟ ಮಾಫಿ.

'ಕಾಂತಾರ'ದ ಬಗ್ಗೆ ಕೇಳೇ ಕೇಳ್ತೀರಿ. 2022ರದ್ದು ನನಗೆ ಇಷ್ಟ. ಕಾಡಿನಿಂದ ಆ "ಓ" ಅನ್ನೋ ಕೂಗು ಬಂದಾಗ ನನ್ನ ಪಕ್ಕದ ಮಗು ಪಾಪ್‌ಕಾರ್ನ್ ಜಗಿಯೋದು ನಿಲ್ಲಿಸಿತು. 2025ರ 'ಚಾಪ್ಟರ್ 1' ನೋಡೋಕೆ ಭರ್ಜರಿ. ಆದರೆ ಕಿವಿಗೆ ಬಿಡುವಿಲ್ಲ. ಎಲ್ಲ ಹೊತ್ತೂ ಕೂಗಿದರೆ ಯಾವ ಕೂಗಿಗೆ ಹೆದರೋದು?

ಡಬ್ಬಿಂಗ್ ಬಗ್ಗೆ, ತುಟಿ ಒಂದು ಕಡೆ ಮಾತು ಒಂದು ಕಡೆ ಹೋಗೋದರ ಬಗ್ಗೆ ಎರಡು ಹಾಳೆ ಬರೆದುಕೊಂಡು ಬಂದಿದ್ದೆ. ಟಿಕೆಟ್ ದರದ ಬಗ್ಗೆಯೂ ಇತ್ತು. ಅತ್ತೆಯವರು ಸಮಯ ತಿಂದುಬಿಟ್ಟರು. ಗಾಜಿನ ಆಚೆಯಿಂದ ಎರಡು ಬೆರಳು ತೋರಿಸ್ತಿದ್ದಾರೆ, ಎರಡು ನಿಮಿಷವೋ ಎರಡು ಸೆಕೆಂಡೋ ಗೊತ್ತಿಲ್ಲ.

ಒಂದೇ ಮಾತು. ನಿಮ್ಮ ಥಿಯೇಟರ್‌ನಲ್ಲಿ ಮಾತು ಕೇಳಿಸದಿದ್ದರೆ ಸುಮ್ನೆ ಕೂರಬೇಡಿ. ಇಂಟರ್ವಲ್‌ನಲ್ಲಿ ಮ್ಯಾನೇಜರ್ ಹತ್ತಿರ ಹೋಗಿ, "7ರಲ್ಲಿದೆಯಾ ಸಾರ್?" ಅಂತ ಕೇಳಿ. ಅವರು ನಿಮ್ಮನ್ನು ಹೊಸ ಥರ ನೋಡ್ತಾರೆ. ನಮಸ್ಕಾರ.