ಮೇಪಲ್ ಬೋನ್ಸಾಯ್‌ಗೆ ಆ ಗಂಟು ಯಾಕೆ ಬಂತು? ಉತ್ತರ ನಮ್ಮ ಕಾಫಿ ತೋಟದಲ್ಲೇ ಇದೆ

ನಮಸ್ಕಾರ. ಸೋಮವಾರಪೇಟೆ ಕಡೆಯ ವೀಕ್ಷಕರೊಬ್ಬರು ಒಂದು ಫೋಟೋ ಕಳಿಸಿದ್ದಾರೆ. ಆರು ವರ್ಷದ ಜಪಾನೀಸ್ ಮೇಪಲ್ ಬೋನ್ಸಾಯ್. ಎಲೆ ಚೆನ್ನಾಗಿದೆ, ಕುಂಡ ಚೆನ್ನಾಗಿದೆ, ಆದರೆ ಕಾಂಡದ ಮೇಲ್ಭಾಗದಲ್ಲಿ ಊದಿದ ಮೊಣಕಾಲಿನ ಹಾಗೆ ಒಂದು ಗಂಟು. "ಇದು ರೋಗವಾ?" ಅಂತ ಕೇಳಿದ್ದಾರೆ. ರೋಗ ಅಲ್ಲ, ಕಸಿ ತಪ್ಪಿದ್ದು. ಬೇರೆ ಊರಿನವರಿಗೆ ಕಸಿ ಅಂದರೆ ಗಿಡಕ್ಕೆ ಗಿಡ ಕೂಡಿಸೋದು. ನಮ್ಮ ತೋಟಗಳಲ್ಲಿ ರೆಂಬೆ ಸವರೋದಕ್ಕೂ ಕಸಿ ಅಂತಲೇ ಹೇಳ್ತೀವಿ, ಇವತ್ತು ಮಾತಾಡ್ತಿರೋದು ಅದರ ಬಗ್ಗೆ.

ಮೊದಲ ಪಾಠ ಬೇಗ ಮುಗಿಸ್ತೀನಿ. ಬೋನ್ಸಾಯ್ ಅನ್ನೋದು ಕುಳ್ಳ ತಳಿ ಅಲ್ಲ. ಇದೇ ಜಾತಿ ಮೇಪಲ್ ನೆಲದಲ್ಲಿ 20 ಅಡಿ ದಾಟುತ್ತದೆ. ಕುಂಡದಲ್ಲಿ ಬೇರು, ರೆಂಬೆ ಎರಡನ್ನೂ ವರ್ಷ ವರ್ಷ ಸವರಿ ಗಿಡ್ಡ ಇಡ್ತೀವಿ, ಅಷ್ಟೇ.

[ಕ್ಲೋಸ್‌ಅಪ್: ಎಡಗೈಯಲ್ಲಿ ಮೇಪಲ್ ಕಡ್ಡಿ, ಬಲಗೈಯಲ್ಲಿ ಅರೇಬಿಕಾ ಕಾಫಿ ಕಡ್ಡಿ]

ಈಗ ಇದನ್ನು ನೋಡಿ. ಎರಡರಲ್ಲೂ ಎಲೆ ಜೋಡಿ ಜೋಡಿಯಾಗಿ, ಎದುರುಬದುರು. ಒಂದು ಗೆಣ್ಣು, ಎರಡು ಎಲೆ, ಎರಡು ಮೊಗ್ಗು. ಎಷ್ಟೋ ಮರಗಳಲ್ಲಿ ಎಲೆ ಒಂದು ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ ಇರುತ್ತದೆ. ಮೇಪಲ್ ಹಾಗಲ್ಲ. ತುದಿ ಕತ್ತರಿಸಿದರೆ ಅದು ಎರಡಾಗಿ ಒಡೆಯುತ್ತದೆ, ಕವಣೆಯ ಕವಲಿನ ಹಾಗೆ. ಇನ್ನೂ ಸೊಗಸಾದ ವಿಷಯ: ಒಂದು ಜೋಡಿ ಎಡ-ಬಲಕ್ಕಿದ್ದರೆ ಮುಂದಿನ ಜೋಡಿ ಮೇಲೆ-ಕೆಳಗೆ, ಅದರ ಮುಂದಿನದು ಮತ್ತೆ ಎಡ-ಬಲ. ಎಡ-ಬಲದ ಜೋಡಿಯ ಮೇಲೆ ಕತ್ತರಿಸಿದರೆ ರೆಂಬೆ ಅಂಗೈ ಚಾಚಿದ ಹಾಗೆ ಅಗಲವಾಗುತ್ತದೆ. ಮೇಲೆ-ಕೆಳಗಿನ ಜೋಡಿಯಲ್ಲಿ ಕತ್ತರಿಸಿದರೆ ಒಂದು ಆಕಾಶಕ್ಕೆ, ಇನ್ನೊಂದು ಮಣ್ಣಿಗೆ ಹೋಗುತ್ತದೆ. ಕತ್ತರಿ ಇಡುವ ಮೊದಲು ಗೆಣ್ಣು ತಿರುಗಿಸಿ ನೋಡಿ ಅನ್ನೋದು ಅದಕ್ಕೇ.

ಹಾಗಾದರೆ ಗಂಟು? ಕಾಂಡದ ತುದಿ ಕತ್ತರಿಸಿದ ಜಾಗದಲ್ಲಿ ಐದು ಚಿಗುರು ಬಂದಿವೆ. ತುಂಬಿ ಕಾಣಲಿ ಅಂತ ಎಲ್ಲವನ್ನೂ ಬಿಟ್ಟಿದ್ದಾರೆ. ಒಂದೊಂದು ಚಿಗುರೂ ತನ್ನ ಬುಡದಲ್ಲಿ ಮರ ಕಟ್ಟುತ್ತದೆ. ಐದೂ ಒಂದೇ ಜಾಗದಲ್ಲಿ ಕಟ್ಟಿದಾಗ ಕೆಳಗಿನ ಕಾಂಡಕ್ಕಿಂತ ಮೇಲಿನದೇ ದಪ್ಪ. ನಮ್ಮ ತೋಟದಲ್ಲಿ ಕಂಬ ಚಿಗುರನ್ನು, ಅಂದರೆ ಕಾಫಿ ಕಾಂಡದಿಂದ ನೆಟ್ಟಗೆ ಮೇಲೇಳೋ ಚಿಗುರನ್ನು, ಎಳೆಯದಾಗಿದ್ದಾಗಲೇ ಕೈಯಲ್ಲಿ ಕಿತ್ತು ಬಿಸಾಡೋ ಹೆಂಗಸರು ಇದನ್ನು ನೋಡಿದ್ದರೆ ಮೊದಲ ವಾರವೇ ಮೂರನ್ನು ತೆಗೆದಿರುತ್ತಿದ್ದರು. ಒಂದು ಗೆಣ್ಣಿಗೆ ಎರಡೇ. ಆದರೆ ಕಾಫಿಯಲ್ಲಿ ಕಾಂಡದ ಅಡ್ಡರೆಂಬೆ ಬುಡದಿಂದ ಮುರಿದರೆ ಆ ಜಾಗದಲ್ಲಿ ಮತ್ತೊಂದು ಅಡ್ಡರೆಂಬೆ ಹುಟ್ಟೋದಿಲ್ಲ, ಬಂದರೆ ಕಂಬ ಚಿಗುರೇ. ಮೇಪಲ್ ಉದಾರಿ. ಹಳೆಯ ಗೆಣ್ಣಿನಲ್ಲಿ ಮಲಗಿರುವ ಮೊಗ್ಗು ಎದ್ದು ಬರುತ್ತದೆ.

[ಕ್ಲೋಸ್‌ಅಪ್: ಚಿಮುಟ]

ಇನ್ನು ಕುಡಿ ಚಿವುಟೋದು. ಮೊಗ್ಗು ಬಿರಿದಾಗ ಮೊದಲ ಎರಡು ಎಲೆ ಕೈ ಮುಗಿದ ಹಾಗೆ ಅಂಟಿಕೊಂಡಿರುತ್ತವೆ. ನಡುವೆ ಸಾಸಿವೆ ಕಾಳಿನಷ್ಟು ಕುಡಿ. ಎಲೆಗಳನ್ನು ಮೆಲ್ಲಗೆ ಬಿಡಿಸಿ ಅದನ್ನಷ್ಟೇ ತೆಗೆಯಬೇಕು. ತಡವಾದರೆ ಕಡ್ಡಿ ಓಡಿಬಿಡುತ್ತದೆ, ಗೆಣ್ಣು ಗೆಣ್ಣಿನ ನಡುವೆ ಒಮ್ಮೆ ಉದ್ದ ಆದದ್ದು ಮತ್ತೆ ಗಿಡ್ಡ ಆಗಲ್ಲ. ಆದರೆ ಕಾಂಡ ದಪ್ಪ ಆಗಬೇಕಾದ ಎಳೆ ಗಿಡಕ್ಕೆ ಇದನ್ನು ದಯವಿಟ್ಟು ಮಾಡಬೇಡಿ. ಮೊದಲು ಕಾಂಡ, ಆಮೇಲೆ ರೆಂಬೆ, ಕಡ್ಡಿಯ ನಾಜೂಕು ಕೊನೆಗೆ. ಇದಕ್ಕೆ ವರ್ಷಗಳು ಬೇಕು. ಅವಸರದ ಗಿಡ ನನಗೆ ನೋಡಲಿಕ್ಕೆ ನೋವಾಗುತ್ತದೆ.

ಸಮಯ ಮೀರ್ತಾ ಇದೆ, ಉಳಿದದ್ದು ಒಟ್ಟಿಗೆ. ರೆಂಬೆ ಬಗ್ಗಿಸೋಕೆ ತಂತಿ ಸುತ್ತಿದರೆ ವಾರಕ್ಕೊಮ್ಮೆ ನೋಡಿ, ಮೇಪಲ್ ತೊಗಟೆ ತೆಳು, ಗಾಯದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಚಿಗುರು ಹೊರಡುವ ಹೊತ್ತಿನಲ್ಲಿ ದಪ್ಪ ರೆಂಬೆ ಕಡಿದರೆ ರಸ ಸುರಿಯುತ್ತದೆ. ಎಲೆ ಉದುರಿದ ಕೂಡಲೇ ಕಡಿದು ಗಾಯ ಮುಚ್ಚೋ ಪೇಸ್ಟ್ ಹಚ್ಚಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಕತ್ತರಿ ಮುಟ್ಟಲೇಬೇಡಿ, ಗಾಯ ಒಣಗದೆ ಶಿಲೀಂಧ್ರ ಹಿಡಿಯುತ್ತದೆ.

ಎಲ್ಲ ಎಲೆ ಸವರಿ ಸಣ್ಣ ಎಲೆ ತರಿಸೋ ಪದ್ಧತಿ ಜಪಾನಿನಲ್ಲಿದೆ. ಕೊಡಗಿನಲ್ಲಿ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ಮೇಪಲ್‌ಗೆ ಗಟ್ಟಿ ಚಳಿಯ ನಿದ್ದೆ ಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದ್ದರೂ ಚಳಿ ಅಷ್ಟು ಆಳ ಇಲ್ಲ. ಅರೆನಿದ್ದೆಯಲ್ಲಿ ಎದ್ದ ಗಿಡದ ಎಲೆ ಪೂರ್ತಿ ಕಿತ್ತರೆ ಅದು ಸೋಲುತ್ತದೆ. ಜೋಡಿಯಲ್ಲಿ ಒಂದು ಎಲೆ ತೆಗೆದರೆ ಸಾಕು, ಒಳಗೆ ಬೆಳಕು ಬೀಳುತ್ತದೆ. 1923ರ ಭೂಕಂಪದ ನಂತರ ಟೋಕಿಯೋದ ಬೋನ್ಸಾಯ್ ತೋಟಗಾರರೇ ಒಳ್ಳೆಯ ನೀರು, ಗಾಳಿ ಹುಡುಕಿ ಟೋಕಿಯೋದ ಉತ್ತರಕ್ಕಿರುವ ಓಮಿಯಾಗೆ ಹೋಗಿ 1925ರಲ್ಲಿ ಬೋನ್ಸಾಯ್ ಊರು ಕಟ್ಟಿದರು. ಮರಕ್ಕಾಗಿ ಅವರು ಊರು ಬಿಟ್ಟರು. ನಾವು ಕುಂಡವನ್ನು ಜಗಲಿಯ ತಂಪು ಮೂಲೆಗಾದರೂ ಸರಿಸೋಣ.

ಸೋಮವಾರಪೇಟೆಯವರೇ, ಡಿಸೆಂಬರ್‌ನಲ್ಲಿ ಎಲೆ ಉದುರಲಿ. ಆಗ ಗಂಟಿನ ಫೋಟೋ ನಾಲ್ಕೂ ಕಡೆಯಿಂದ ತೆಗೆದು ಕಳಿಸಿ. ಯಾವ ಎರಡು ಉಳಿಸೋದು ಅಂತ ಒಟ್ಟಿಗೆ ನೋಡಿ, ಆಮೇಲೆ ಕತ್ತರಿ ಹಿಡಿಯೋಣ.