ಮನೆ ಬಾಡಿಗೆ ಭತ್ಯೆ ಮತ್ತು ಮಡಿಕೇರಿಯ ಬಾಡಿಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಮೂವತ್ತು ವರ್ಷ ಸರ್ಕಾರಿ ನೌಕರರ ಸಂಬಳದ ಬಿಲ್ಲುಗಳನ್ನು ಪರಿಶೀಲಿಸಿದವನು ನಾನು. ಆ ಬಿಲ್ಲಿನ ಒಂದೇ ಒಂದು ಬಾಬ್ತಿನ ಕುರಿತು, ಎಂದರೆ ಮನೆ ಬಾಡಿಗೆ ಭತ್ಯೆಯ ಕುರಿತು, ಇಂದು ಮಾತನಾಡುತ್ತೇನೆ. ಈ ಭತ್ಯೆಯನ್ನು ಊರಿನ ತಲೆ ಎಣಿಸಿ ಕೊಡುತ್ತಾರೆಯೇ ಹೊರತು ಊರಿನ ಬಾಡಿಗೆ ನೋಡಿ ಕೊಡುವುದಿಲ್ಲ.

ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಬೆಂಗಳೂರಿನ ನೌಕರರಿಗೆ ಮೂಲ ವೇತನದ ಶೇ 20, ಅದಕ್ಕಿಂತ ಚಿಕ್ಕ ನಗರಗಳವರಿಗೆ ಶೇ 15, ಐದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿನವರಿಗೆ ಶೇ 7.5 ಭತ್ಯೆ ಸಿಗುತ್ತಿದೆ. 2011ರ ಜನಗಣತಿಯಂತೆ ಮಡಿಕೇರಿ ಪಟ್ಟಣದಲ್ಲಿ ಇದ್ದವರು 33,381 ಜನ. ಇಡೀ ಕೊಡಗು ಜಿಲ್ಲೆಯಲ್ಲಿ 5,54,519. ಶನಿವಾರಸಂತೆಯಿಂದ ಕುಟ್ಟದವರೆಗಿನ ಎಲ್ಲರೂ ಒಂದೇ ಊರಿನಲ್ಲಿ ನೆಲೆಸಿದ್ದರೆ ಮಾತ್ರ ನಾವು ಐದು ಲಕ್ಷದ ಗೆರೆ ದಾಟುತ್ತಿದ್ದೆವು!

ರಾಯಚೂರು ಕಡೆಯ ಹೆಣ್ಣುಮಗಳೊಬ್ಬಳು ದ್ವಿತೀಯ ದರ್ಜೆ ಸಹಾಯಕಿಯಾಗಿ ಮಡಿಕೇರಿಗೆ ಬಂದಳು. ಮೂಲ ವೇತನ 34,100 ರೂಪಾಯಿ, ಅದರ ಮೇಲೆ ಮನೆ ಬಾಡಿಗೆ ಭತ್ಯೆ 2,557 ರೂಪಾಯಿ. ಜೂನ್ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು ಅವಳೊಂದಿಗೆ ನಾನೂ ನಾಲ್ಕು ದಿನ ಮನೆ ಹುಡುಕಿದೆ. ನೋಡಿದ ಮನೆಗಳಲ್ಲಿ ಹೆಚ್ಚಿನವು ಹೋಂಸ್ಟೇಗಳಾಗಿದ್ದವು. ಒಬ್ಬ ಯಜಮಾನರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, "ಸಾರ್, ಈ ಮಗು ತಿಂಗಳಿಗೆ ಕೊಡುವುದನ್ನು ಪ್ರವಾಸಿಗರು ಶನಿವಾರ, ಭಾನುವಾರ ಎರಡೇ ರಾತ್ರಿಗೆ ಕೊಡುತ್ತಾರೆ, ನಾನು ಯಾರಿಗೆ ಕೊಡಲಿ, ನೀವೇ ಹೇಳಿ" ಎಂದರು. ಅವರೂ ಸಾಲ ಮಾಡಿ ಮನೆ ಕಟ್ಟಿಸಿದವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಮನೆಯ ಹಿಂಬದಿಯಲ್ಲಿ, ಹಿಂದೆ ಸೌದೆ ಕೊಟ್ಟಿಗೆಯಾಗಿದ್ದ ಒಂದು ಕೋಣೆ. ಬಾಡಿಗೆ ಏಳು ಸಾವಿರ. ಬರೆಯ, ಎಂದರೆ ಕಡಿದ ಗುಡ್ಡದ ಬದಿಯ, ಕಡೆಗಿದ್ದ ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಅಲ್ಲಿ ಒರಗಿಸಿಟ್ಟಿದ್ದ ಅವಳ ಅಂಕಪಟ್ಟಿಗಳ ಫೈಲಿಗೆ ಹದಿನೈದೇ ದಿನದಲ್ಲಿ ಬೂಷ್ಟು ಹಿಡಿಯಿತು. ಒಂದೊಂದನ್ನೇ ಬಟ್ಟೆಯಿಂದ ಒರೆಸಿ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಒಣಗಿಸುತ್ತಾ, "ವರ್ಗಾವಣೆಗೆ ಎಂದಿನಿಂದ ಅರ್ಜಿ ಹಾಕಬಹುದು ಸಾರ್?" ಎಂದು ಕೇಳಿದಳು.

ನಮ್ಮ ಕಚೇರಿಗಳಿಗೆ ಬಂದವರು ಯಾಕೆ ನಿಲ್ಲುವುದಿಲ್ಲ ಎಂದು ಕೇಳುವವರಿಗೆ ಬೇರೆ ಉತ್ತರ ಬೇಕೆ? ತಲೆ ಎಣಿಸುವುದು ಸುಲಭ, ಬಾಡಿಗೆ ವಿಚಾರಿಸುವುದು ಕಷ್ಟ ಎಂಬುದನ್ನು ನಾನು ಬಲ್ಲೆ. ಆದರೆ ಭತ್ಯೆಯ ಹೆಸರಿನಲ್ಲಿಯೇ ಬಾಡಿಗೆ ಎಂಬ ಪದವಿರುವಾಗ ವಿಚಾರಿಸಲೇಬೇಕು.

ಸರ್ಕಾರಿ ವಸತಿಗೃಹಗಳ ವಿಷಯವನ್ನೂ ಹೇಳಬೇಕೆಂದಿದ್ದೆ, ಸಮಯ ಉಳಿದಿಲ್ಲ. ನೌಕರರು ಪ್ರತಿ ತಿಂಗಳೂ ಬಾಡಿಗೆಯ ರಸೀದಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳ ರಸೀದಿಗಳನ್ನು ನಿಮ್ಮ ಸಂಘದವರು ಒಟ್ಟುಗೂಡಿಸಿ, ಮುಂದಿನ ವೇತನ ಆಯೋಗಕ್ಕೆ ಸಲ್ಲಿಸುವ ಮನವಿಯ ಜೊತೆಗೇ ಲಗತ್ತಿಸಲಿ. ನಮಸ್ಕಾರ.