13 ಲಕ್ಷಕ್ಕೆ ಬಿಎಂಡಬ್ಲ್ಯು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ರಾತ್ರಿ ಊಟ ಮುಗಿಸಿ ಕೂತಿದ್ದೆ. ನನ್ನ ಬಾಮೈದ ಫೋನ್ ಮಾಡಿದ. ‘ಭಾವ, ಬಿಎಂಡಬ್ಲ್ಯು 320ಡಿ, 2015ರ ಮಾಡೆಲ್, 13 ಲಕ್ಷ ಹೇಳ್ತಿದ್ದಾರೆ. ಹೊಸ ಸಣ್ಣ ಗಾಡಿ ದುಡ್ಡಿಗೆ ಬಿಎಂಡಬ್ಲ್ಯು! ನಾಳೆ ನೋಡೋಕೆ ಬರ್ತೀರಾ?’ ಧ್ವನಿಯಲ್ಲೇ ಗೊತ್ತಾಯಿತು, ಹುಡುಗ ಮನಸ್ಸಿನಲ್ಲಿ ಆಗಲೇ ಕೀ ಇಸ್ಕೊಂಡಿದ್ದಾನೆ.

ನಾನು ಮೊದಲು ಕೇಳಿದ್ದು ಒಂದೇ: ‘ಕೈಯಲ್ಲಿ ಎಷ್ಟಿದೆ?’ ‘14’ ಅಂದ. ‘ಹಾಗಾದರೆ ನೀನು 12 ಲಕ್ಷದ ಕಾರು ನೋಡು’ ಅಂದೆ. ಅವನಿಗೆ ಸಿಟ್ಟು ಬಂತು. ಆದರೆ ಲೆಕ್ಕ ಇರುವುದೇ ಹಾಗೆ. ಹತ್ತು ವರ್ಷದಲ್ಲಿ ಕಾರಿನ ಬೆಲೆ ಕಾಲು ಭಾಗಕ್ಕೆ ಇಳಿಯಬಹುದು. ಅದರ ಇಂಜೆಕ್ಟರ್, ಸಸ್ಪೆನ್ಷನ್, ಹೆಡ್‌ಲೈಟಿನ ಬೆಲೆ ಇಳಿಯುವುದಿಲ್ಲ. ಅಂಗಡಿಯವನು ನೀವು ಕೊಟ್ಟದ್ದು 13 ಲಕ್ಷವೋ 40 ಲಕ್ಷವೋ ಅಂತ ಕೇಳಿ ಬಿಲ್ ಹಾಕುತ್ತಾನಾ? ನಾಲ್ಕು ಟೈರು, ಒಂದು ಬ್ಯಾಟರಿ, ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಬ್ರೇಕ್ ಪ್ಯಾಡು, ಇಷ್ಟಕ್ಕೇ ಮೊದಲ ವರ್ಷ ಲಕ್ಷದ ಮೇಲೆ ಹೋಗುತ್ತದೆ. ಅದಕ್ಕೇ ಆ 2 ಲಕ್ಷ ಬ್ಯಾಂಕಿನಲ್ಲೇ ಇರಲಿ ಅಂದದ್ದು.

ಇನ್ನೊಂದು ಪ್ರಶ್ನೆ ಇತ್ತು. 320ಡಿ ಅಂದರೆ ಡೀಸೆಲ್ ಗಾಡಿ. ಡೀಸೆಲ್ ಯಾಕೆ? 2012ರ ಹೊತ್ತಿಗೆ ಪೆಟ್ರೋಲಿಗಿಂತ ಡೀಸೆಲ್ ಲೀಟರಿಗೆ 25 ರೂಪಾಯಿಗೂ ಜಾಸ್ತಿ ಅಗ್ಗ ಇತ್ತು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಆಮೇಲೆ ಆ ಅಂತರ ಕರಗುತ್ತಾ ಬಂತು. ಹಾಗಾಗಿ ಉಳಿತಾಯ ಕಾಣಬೇಕಾದರೆ ಗಾಡಿ ಹೆಚ್ಚು ಓಡಬೇಕು. ನನ್ನ ಬಾಮೈದ ಓಡಿಸುತ್ತಾನೆ. ಶುಕ್ರವಾರ ಸಂಜೆ ಬೆಂಗಳೂರಿನಿಂದ ಸಕಲೇಶಪುರ, ಸೋಮವಾರ ಬೆಳಿಗ್ಗೆ ವಾಪಸ್. ವಾರಕ್ಕೆ 440 ಕಿಲೋಮೀಟರ್. ಅವನಿಗೆ ಡೀಸೆಲ್ ಸರಿ. ಜಯನಗರದಿಂದ ಮೆಜೆಸ್ಟಿಕ್‌ಗೆ ದಿನಾ ಹೋಗಿ ಬರುವವರು ಈ ಆಸೆ ಬಿಡುವುದು ಒಳ್ಳೆಯದು.

ಕಾರಣ ಹೇಳುತ್ತೇನೆ. ಈಚಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನುವ ಒಂದು ಜಾಲರಿ ಇರುತ್ತದೆ. ಮಸಿಯೆಲ್ಲ ಅದರಲ್ಲಿ ತುಂಬಿಕೊಳ್ಳುತ್ತದೆ. ತುಂಬಿದಾಗ ಎಂಜಿನ್ ತಾನೇ ಒಂದಿಷ್ಟು ಹೆಚ್ಚು ಡೀಸೆಲ್ ಚೆಲ್ಲಿ, ಸುಮಾರು 600 ಡಿಗ್ರಿ ಕಾವು ಎಬ್ಬಿಸಿ, ಆ ಮಸಿಯನ್ನು ಸುಟ್ಟುಹಾಕುತ್ತದೆ. ಅದಕ್ಕೆ ಹೈವೇಯಲ್ಲಿ ಒಂದೇ ವೇಗದಲ್ಲಿ ಕಾಲು ಗಂಟೆ ಓಡಬೇಕು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಗಾಡಿಯಲ್ಲಿ ಅರ್ಧ ಸುಡುವಷ್ಟರಲ್ಲಿ ಆಫೀಸು ಬಂದಿರುತ್ತದೆ, ಕೀ ಆಫ್. ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಇಂಥ ಗಾಡಿಯ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿರುತ್ತದೆ. ಮೂಗಿನ ಹತ್ತಿರ ಹಿಡಿದರೆ ಬಂಕಿನ ವಾಸನೆ. ‘ನೋಡಿ ಸಾರ್, ಆಯಿಲ್ ಫುಲ್ ಇದೆ’ ಅಂತ ಮಾರುವವನು ಹೆಮ್ಮೆಯಿಂದ ಹೇಳಿದರೆ ಸುಮ್ನೆ ನಕ್ಕು ಮನೆಗೆ ಬನ್ನಿ.

ಮರುದಿನ ಬಿಎಂಡಬ್ಲ್ಯು ನೋಡಲು ಹೋದೆವು. ಎಂಥ ಮಿರುಗು! ಮೀಟರಿನಲ್ಲಿ 62,000 ಕಿಲೋಮೀಟರ್. ನಾನು ಬಾನೆಟ್ ಮೇಲೆ ಕೈ ಇಟ್ಟೆ, ಬಿಸಿ ಇತ್ತು. ನಾವು ಬರುವ ಮೊದಲೇ ಗಾಡಿ ಸ್ಟಾರ್ಟ್ ಮಾಡಿಟ್ಟಿದ್ದರು. ಇದು ನನಗೆ ಹಿಡಿಸುವುದಿಲ್ಲ. ಡೀಸೆಲ್ ಎಂಜಿನ್ ರಾತ್ರಿಯಿಡೀ ತಣ್ಣಗೆ ನಿಂತು ಬೆಳಿಗ್ಗೆ ಮೊದಲ ಸಲ ಎದ್ದಾಗ ತನ್ನ ನಿಜವಾದ ಧ್ವನಿಯಲ್ಲಿ ಮಾತಾಡುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸವೆದಿದ್ದರೆ ಆಗ ನಡುಗುತ್ತದೆ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಆಗ ಕರಕರ ಅನ್ನುತ್ತದೆ. ಈ ಎಂಜಿನ್ನಿನಲ್ಲಿ ಆ ಚೈನು ಇರುವುದು ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ. ಅಲ್ಲಿಗೆ ಕೈ ಹಾಕಬೇಕೆಂದರೆ ಗೇರ್‌ಬಾಕ್ಸೋ ಎಂಜಿನ್ನೋ ಕೆಳಗಿಳಿಯಬೇಕು. ಆ ಶಬ್ದ ಕೇಳದೆ ದುಡ್ಡು ಕೊಡುವುದು ಹೇಗೆ?

ಬ್ರೇಕ್ ಪೆಡಲಿನ ರಬ್ಬರ್ ನೋಡಿದೆ. ಗೀರುಗಳೆಲ್ಲ ಸವೆದು ಹೊಳೆ ಕಲ್ಲಿನ ಹಾಗೆ ನುಣ್ಣಗಾಗಿತ್ತು. 62,000ಕ್ಕೆ ಹೀಗಾಗುತ್ತದಾ? ನಮ್ಮ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದ. ಹಳೆಯ ದೋಷಗಳ ಪಟ್ಟಿ ಬಂತು. ಯಾವ ದೋಷ ಎಷ್ಟನೇ ಕಿಲೋಮೀಟರಿನಲ್ಲಿ ಕಾಣಿಸಿತು ಅನ್ನುವುದನ್ನೂ ಕಾರು ಬರೆದಿಟ್ಟುಕೊಂಡಿರುತ್ತದೆ. ಅದರಲ್ಲಿ ಒಂದು, 1,18,000ದಲ್ಲಿ! 62,000 ಓಡಿದ ಗಾಡಿಗೆ 1,18,000ದಲ್ಲಿ ಏನಾಗುತ್ತದೆ ಅಂತ ಮೊದಲೇ ಗೊತ್ತಿತ್ತು ನೋಡಿ. ಮೀಟರ್ ತಿರುಗಿಸಿದವನು ಡ್ಯಾಶ್‌ಬೋರ್ಡ್ ಒಂದನ್ನೇ ತಿದ್ದಿದ್ದ.

ವಾಪಸ್ ಬರುವಾಗ ಬಾಮೈದ ಹಾಸನ ಬೈಪಾಸ್ ಬಗ್ಗೆ ಮಾತಾಡಿದ, ಮಳೆ ಬಗ್ಗೆ ಮಾತಾಡಿದ. ಕಾರಿನ ವಿಷಯ ಎತ್ತಲಿಲ್ಲ.

ಎರಡನೆಯದು ದೆಹಲಿ ರಿಜಿಸ್ಟ್ರೇಷನ್ನಿನ ಮರ್ಸಿಡಿಸ್. ಇಲ್ಲಿನ ಬೆಲೆಗಿಂತ ತುಂಬಾ ಕಡಿಮೆ. ಯಾಕೆ ಅಂದರೆ, 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದು ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಕೋರ್ಟ್ ಸ್ವಲ್ಪ ಸಡಿಲ ಕೊಟ್ಟಿತಾದರೂ, ವಯಸ್ಸಾದ ಡೀಸೆಲ್ ಅಂದರೆ ಅಲ್ಲಿನವರಿಗೆ ಒಂದು ಅಳುಕು ಇದ್ದೇ ಇದೆ. ಸರಿ, ತಂದಿರಿ ಎನ್ನಿ. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಕೆಎ ನಂಬರ್ ಮಾಡಿಸಲೇಬೇಕು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಅನ್ನುವ ನಿರಾಕ್ಷೇಪಣಾ ಪತ್ರ, ಇಲ್ಲಿ ಲೈಫ್ ಟ್ಯಾಕ್ಸ್. ಗಾಡಿಯ ವಯಸ್ಸಿಗೆ ತಕ್ಕಂತೆ ತೆರಿಗೆ ಕಡಿಮೆಯಾಗುತ್ತದೆ ನಿಜ, ಆದರೆ ದುಬಾರಿ ಕಾರಿಗೆ ಅದು ಲಕ್ಷಗಳಲ್ಲೇ ಇರುತ್ತದೆ. ಅಗ್ಗಕ್ಕೆ ಬಂತು ಅಂದುಕೊಂಡ ದುಡ್ಡು ಅಲ್ಲಿಗೆ ಹೋಯಿತು. ಬೇಡ ಅಂದೆವು.

ನಡುವೆ ಹೊರ ವರ್ತುಲ ರಸ್ತೆ ಕಡೆಯ ಒಂದು ಆಡಿಯನ್ನೂ ನೋಡಿದೆವು. 2022ರ ಸೆಪ್ಟೆಂಬರ್ ನೆನಪಿದೆಯಲ್ವಾ? ಯಮಲೂರು, ಸರ್ಜಾಪುರ ರಸ್ತೆ ಕಡೆ ಬಡಾವಣೆಗಳಿಗೆ ನೀರು ನುಗ್ಗಿ ಕೋಟಿ ಬೆಲೆಯ ಕಾರುಗಳೂ ಮುಳುಗಿದ್ದವು. ಅಂಥ ಕಾರುಗಳನ್ನು ತೊಳೆದು, ಒಣಗಿಸಿ, ಸೆಂಟು ಹೊಡೆದು ಮಾರುವವರಿದ್ದಾರೆ. ಪತ್ತೆ ಹಚ್ಚಲು ಸುಲಭದ ದಾರಿ ಸೀಟ್ ಬೆಲ್ಟ್. ಕೊನೆಯವರೆಗೂ ಎಳೆಯಿರಿ. ದಿನಾ ಹೊರಗೆ ಬರುವ ಭಾಗವನ್ನು ತಿಕ್ಕಿ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಕೊನೆಯ ಒಂದು ಗೇಣು ಯಾರಿಗೂ ನೆನಪಾಗುವುದಿಲ್ಲ. ಈ ಆಡಿಯಲ್ಲಿ ಅಲ್ಲಿ ಕೆಮ್ಮಣ್ಣಿನ ಒಂದು ಗೆರೆ ಇತ್ತು. ಅಷ್ಟೇ ಸಾಕಾಯಿತು.

ಮೂರು ವಾರ ಕಳೆಯಿತು. ಬಾಮೈದ ಸೋತು ಹೋಗಿದ್ದ. ‘ಒಂದು ಇನ್ನೋವಾ ತಗೊಂಡುಬಿಡ್ಲಾ ಭಾವ?’ ಅಂದ. ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ, ನನಗೂ ಗೌರವ ಇದೆ. ಆದರೆ ಅದರ ಬೆಲೆ ಹಳತಾದರೂ ಜಗ್ಗುವುದಿಲ್ಲ. ಆ ದುಡ್ಡಿಗೆ ಸಿಗುವುದು ಚೆನ್ನಾಗಿ ದುಡಿದ ಗಾಡಿ. ಒಬ್ಬನೇ ಓಡಾಡುವವನಿಗೆ ಅಷ್ಟು ದೊಡ್ಡದು ಯಾಕೆ ಬೇಕು ಅನ್ನಿಸಿತು.

ಆಗ ಸಿಕ್ಕಿದ್ದು ಮೈಸೂರಿನ ಒಂದು ಸ್ಕೋಡಾ ಆಕ್ಟೇವಿಯಾ. 2018ರದ್ದು, 2 ಲೀಟರ್ ಡೀಸೆಲ್. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಬಂದಾಗ ಸ್ಕೋಡಾ, ಫೋಕ್ಸ್‌ವ್ಯಾಗನ್, ಆಡಿ ಮೂರೂ ಇಲ್ಲಿ ಡೀಸೆಲ್ ನಿಲ್ಲಿಸಿದವು. ಹಾಗಾಗಿ ಇಂಥದ್ದು ಬೇಕೆಂದರೆ ಆ ಮೊದಲಿನದನ್ನೇ ಹುಡುಕಬೇಕು. ಓಡಿದ್ದು 1,26,000. ಎಡ ಬಾಗಿಲಿನಲ್ಲಿ ಗೇಟಿಗೆ ಉಜ್ಜಿದ ಗೀರು. ಆರು ತಿಂಗಳಿಂದ ಬಂದವರೆಲ್ಲ ಕಿಲೋಮೀಟರ್ ನೋಡಿಯೇ ತಿರುಗಿ ಹೋಗಿದ್ದರಂತೆ. ಮಾಲೀಕರು ನಿವೃತ್ತ ಬ್ಯಾಂಕ್ ಅಧಿಕಾರಿ. ಬೆಳಿಗ್ಗೆ 7ಕ್ಕೆ ಹೋದೆವು. ಬಾನೆಟ್ ಮೇಲೆ ಇಬ್ಬನಿ ಇತ್ತು.

ಕೀ ಕೈಗೆ ಕೊಡುವ ಮೊದಲು ಅವರು ಒಂದು ಫೈಲು ಕೊಟ್ಟರು. ಬ್ಯಾಂಕಿನವರ ಫೈಲು ಕೇಳಬೇಕೆ! ತೂತು ಹೊಡೆದು, ದಾರ ಕಟ್ಟಿ, ತಾರೀಖಿನ ಪ್ರಕಾರ ಬಿಲ್ಲುಗಳು. ಈ ಕಾರಿನ ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. 60,000 ಕಿಲೋಮೀಟರಿಗೊಮ್ಮೆ ಆ ಎಣ್ಣೆ ಬದಲಾಯಿಸಬೇಕು. ತುಂಬಾ ಜನ ಮರೆಯುತ್ತಾರೆ, ಇಲ್ಲವೇ ದುಡ್ಡು ನೋಡಿ ಮುಂದೂಡುತ್ತಾರೆ. ಫೈಲಿನಲ್ಲಿ 58,000ಕ್ಕೆ ಒಂದು ಬಿಲ್ಲು, 1,17,000ಕ್ಕೆ ಇನ್ನೊಂದು. ನಾನು ಬಾಮೈದನ ಕಡೆ ನೋಡಿದೆ. ಅವನು ಬಾಗಿಲಿನ ಗೀರು ನೋಡುತ್ತಿದ್ದ.

ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಹೊಗೆ ಇಲ್ಲ, ನಡುಕ ಇಲ್ಲ. 11 ಲಕ್ಷ 75 ಸಾವಿರಕ್ಕೆ ಮಾತು ಮುಗಿಯಿತು. ಗಾಡಿ ಹೆಸರು ಬದಲಾಯಿಸುವ ಫಾರಂ 29, ಫಾರಂ 30ಕ್ಕೆ ಸಹಿ ಆಯಿತು. ಲೋನ್ ಇದ್ದ ಗಾಡಿಯಾದರೆ, ಸಾಲ ತೀರಿದೆ ಅನ್ನುವ ಬ್ಯಾಂಕಿನ ಫಾರಂ 35 ಕೂಡ ಬೇಕು, ಅದಿಲ್ಲದೆ ದುಡ್ಡು ಕೊಡಬೇಡಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಕ್ಲೇಮ್ ಮಾಡದೇ ಇದ್ದದ್ದಕ್ಕೆ ಹಳೆಯ ಮಾಲೀಕರಿಗೆ ಸಿಕ್ಕ ರಿಯಾಯಿತಿ, ನೋ ಕ್ಲೇಮ್ ಬೋನಸ್, ಅವರದ್ದೇ, ನಿಮಗೆ ಬರುವುದಿಲ್ಲ.

ಹತ್ತು ದಿನದ ಮೇಲೆ ಆ ಹಿರಿಯರು ಬಾಮೈದನಿಗೆ ಫೋನ್ ಮಾಡಿದರಂತೆ. ಇವನಿಗೆ ಎದೆ ಧಸಕ್ ಅಂದಿತಂತೆ. ‘ಏನಿಲ್ಲ ಕಣಪ್ಪಾ, ಎಡಗಡೆ ಹಿಂದಿನ ಟೈರು ವಾರಕ್ಕೆ ಒಂದೆರಡು ಪಾಯಿಂಟ್ ಗಾಳಿ ಬಿಡುತ್ತೆ. ಹೇಳೋದು ಮರೆತಿದ್ದೆ. ಘಾಟಿ ಹತ್ತೋ ಮುಂಚೆ ನೋಡ್ಕೋ.’

ನಮಸ್ಕಾರ.